ಉಸಿರು ಬಿಡಿ, ಅಳತೆ ತಗೋತೀನಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಈಗ ಮೊಬೈಲ್ ಕವರ್ ಮಾರುವ ಅಂಗಡಿಯೊಂದಿದೆ. ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ಗೋಡೆ ತುಂಬ ನೇತಾಡುವ ಬಣ್ಣಬಣ್ಣದ ಕವರುಗಳು. ಟೇಪಕ್ಕ ಆ ದಾರಿಯಲ್ಲಿ ಹೋದಾಗಲೆಲ್ಲ ಆ ಬಾಗಿಲ ಮುಂದೆ ಅವಳ ಕಾಲು ತಾನಾಗಿಯೇ ಸ್ವಲ್ಪ ಮೇಲೇಳುತ್ತದೆ. ಅಲ್ಲಿ ಮೊದಲು ಒಂದು ಮೆಟ್ಟಿಲಿತ್ತು. ಅದನ್ನು ಒಡೆದುಹಾಕಿ ಎಷ್ಟೋ ಕಾಲವಾಯಿತು. ಕಾಲಿಗೆ ಯಾರೂ ತಿಳಿಸಿಲ್ಲ, ಅಷ್ಟೇ.

ಆಗ ಅದು ದರ್ಜಿ ಅಂಗಡಿಯಾಗಿತ್ತು. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಉದ್ದನೆಯ ಒಂದು ಮೇಜು, ಮೂಲೆಯಲ್ಲಿ ಕಂದು ಪರದೆ ಇಳಿಬಿಟ್ಟ ಅಳತೆಯ ಕೋಣೆ. ಕೋಣೆ ಅನ್ನುವುದು ಅದಕ್ಕೆ ಮರ್ಯಾದೆ ಕೊಟ್ಟು ಹೇಳುವ ಮಾತು. ಇಬ್ಬರು ನಿಂತರೆ ಒಬ್ಬರ ಮೊಣಕೈ ಪರದೆಯ ಹೊರಗಿರುತ್ತಿತ್ತು. ಯಂತ್ರದ ಎಣ್ಣೆ, ಹೊಸ ಬಟ್ಟೆಯ ಗಂಜಿ, ಕಾದ ಇಸ್ತ್ರಿ ಪೆಟ್ಟಿಗೆ ಎಲ್ಲ ಸೇರಿದ ಆ ವಾಸನೆಯನ್ನು ಟೇಪಕ್ಕ ಇವತ್ತಿಗೂ ಮರೆತಿಲ್ಲ. ಯಾವುದೋ ಬೀದಿಯಲ್ಲಿ ಯಾರೋ ಇಸ್ತ್ರಿ ಮಾಡುತ್ತಿದ್ದರೆ ಸಾಕು, ಸುಮ್ಮನೆ ನಿಂತುಬಿಡುತ್ತಾಳೆ. ಜೊತೆಗಿದ್ದವರು ಅಷ್ಟು ದೂರ ಹೋಗಿ ತಿರುಗಿ ಹುಡುಕಬೇಕು.

ಅಂಗಡಿ ಅಣ್ಣನದು. ಅವನನ್ನು ಊರೆಲ್ಲ ಮಾಸ್ಟರ್ ಎನ್ನುತ್ತಿತ್ತು. ಗಂಡಸರ ಅಳತೆ ಅವನ ಪಾಲಿಗೆ, ಹೆಂಗಸರ ಮತ್ತು ಮಕ್ಕಳ ಅಳತೆ ತಂಗಿಯ ಪಾಲಿಗೆ. ಕೊರಳಲ್ಲಿ ಸದಾ ಹಳದಿ ಟೇಪು ನೇತುಹಾಕಿಕೊಂಡಿರುತ್ತಿದ್ದ ಅವಳಿಗೆ ಶಾಲೆಯ ಮಕ್ಕಳು ಇಟ್ಟ ಹೆಸರು ಟೇಪಕ್ಕ. ಅದೇ ಗಟ್ಟಿಯಾಯಿತು. ಮದುವೆ ಯಾಕೆ ಆಗಲಿಲ್ಲ ಎಂದು ಕೆದಕುವವರಿಗೆ, ನನ್ನ ಅಳತೆಗೆ ಸರಿಹೋಗುವವನು ಸಿಗಲಿಲ್ಲ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಅಪ್ಪ ತೀರಿಹೋದಾಗ ಅವಳು ಇನ್ನೂ ಚಿಕ್ಕವಳು, ಅಣ್ಣನಿಗೆ ಆಗಷ್ಟೇ ಮೀಸೆ ಬಂದಿತ್ತು. ಅವನೇ ಅವಳ ಕೈಗೆ ಸೂಜಿ ಕೊಟ್ಟವನು. ಮೊದಲು ಗುಂಡಿ ತೂರಿಸುವ ಕಾಜಾ ಹೊಲಿಯಲು ಕಲಿಸಿದ, ಆಮೇಲೆ ಹೊಲಿಗೆ, ಕೊನೆಗೆ ಕತ್ತರಿ. ಕತ್ತರಿ ಕೊಟ್ಟ ದಿನ ಟೇಪನ್ನೂ ಕೊರಳಿಗೆ ಹಾಕಿದ್ದ. ಅವಳ ಪಾಲಿಗೆ ಅದಕ್ಕಿಂತ ದೊಡ್ಡ ಬಿರುದು ಇರಲಿಲ್ಲ.

ಇನ್ನು ದರ್ಜಿಯ ಮುಂದೆ ನಿಲ್ಲುವವರ ವಿಷಯ. ನಿಜವಾದ ಮೈಯಲ್ಲಿ ಯಾರೂ ನಿಲ್ಲುವುದಿಲ್ಲ. ಟೇಪು ಸೊಂಟಕ್ಕೆ ಬಂದ ತಕ್ಷಣ ಹೊಟ್ಟೆ ಒಳಕ್ಕೆ, ಎದೆ ಹೊರಕ್ಕೆ, ಗಲ್ಲ ಮೇಲಕ್ಕೆ. ಆ ಕ್ಷಣದ ಸುಳ್ಳನ್ನು ನಂಬಿ ಬಟ್ಟೆ ಹೊಲಿದರೆ ಮೊದಲನೆಯ ಊಟಕ್ಕೇ ಗುಂಡಿ ಹಾರಿಹೋಗುತ್ತದೆ. ಬ್ಯಾಂಕಿನ ಸಾಹೇಬರೊಬ್ಬರು ಹಾಗೆ ಹೊಟ್ಟೆ ಎಳೆದುಕೊಂಡೇ ಅಳತೆ ಕೊಟ್ಟಿದ್ದರು; ದೊಡ್ಡವರ ಸಭೆಯಲ್ಲಿ ಕುಳಿತ ಕೂಡಲೇ ಗುಂಡಿ ಚಿಮ್ಮಿ ಎದುರಿದ್ದವರ ಲೋಟಕ್ಕೆ ಬಿದ್ದಿತ್ತು. ಅದಕ್ಕೇ ಟೇಪಕ್ಕ ಟೇಪು ಸುತ್ತುವ ಮೊದಲು ಒಂದು ಮಾತು ಹೇಳುತ್ತಿದ್ದಳು: "ಉಸಿರು ಬಿಡಿ, ಅಳತೆ ತಗೋತೀನಿ."

ಉಸಿರಿನ ಜೊತೆಗೆ ಹೊಟ್ಟೆಯಲ್ಲಿದ್ದ ಇನ್ನಷ್ಟು ವಿಷಯವೂ ಹೊರಗೆ ಬರುತ್ತಿತ್ತು. ಪರದೆಯ ಹಿಂದೆ ನಿಂತ ಹೆಂಗಸರು ಅತ್ತೆಯ ಮೇಲಿನ ಸಿಟ್ಟು, ಗಂಡನ ಜಿಪುಣತನ, ಮಗನ ಕಳ್ಳಾಟ ಎಲ್ಲವನ್ನೂ ಹೇಳಿ ಹಗುರಾಗುತ್ತಿದ್ದರು. ಟೇಪಕ್ಕ ಎಲ್ಲವನ್ನೂ ಕೇಳಿ ಅಲ್ಲಿಯೇ ಬಿಟ್ಟುಬಿಡುತ್ತಿದ್ದಳು. ಒಬ್ಬರ ಸುದ್ದಿ ಇನ್ನೊಬ್ಬರ ಕಿವಿಗೆ ಬಿದ್ದದ್ದಿಲ್ಲ.

ಅಣ್ಣನ ವಿಷಯಕ್ಕೆ ಬಂದರೆ, ಅವನದೊಂದು ಚಾಳಿ ಮನೆಮಂದಿಗೆಲ್ಲ ತಮಾಷೆಯಾಗಿತ್ತು. ಅವನ ಯಂತ್ರ ಬಾಗಿಲಿಗೆ ಅಂಟಿಕೊಂಡೇ ಇರಬೇಕು. ಕುರ್ಚಿಯ ಒಂದು ಕಾಲು ಒಳಗೆ, ಇನ್ನೊಂದು ಹೊಸ್ತಿಲ ಮೇಲೆ. ಹೊರಗೆ ಎಂಥ ಮಳೆ ಬರಲಿ, ಎಂಥ ಚಳಿಯಿರಲಿ, ಬಾಗಿಲು ಹಾಕುವಂತಿಲ್ಲ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು, ಸಿನಿಮಾದಲ್ಲಿ ಸಾಲಿನ ತುದಿಯ ಸೀಟು, ಇಲ್ಲದಿದ್ದರೆ ಸಿನಿಮಾನೇ ಬೇಡ. ಕುತ್ತಿಗೆಯ ಮೇಲೆ ಒಂದು ಒದ್ದೆ ಕರ್ಚೀಫು. ನಮ್ಮ ಯಜಮಾನರಿಗೆ ಗಾಳಿ ಹುಚ್ಚು ಎಂದು ಅತ್ತಿಗೆ ಹೋದಲ್ಲಿ ಬಂದಲ್ಲಿ ಹೇಳಿ ನಗುತ್ತಿದ್ದಳು. ಕೇಳಿದವರೂ ನಗುತ್ತಿದ್ದರು. ಟೇಪಕ್ಕನಂತೂ ಚಳಿಗಾಲದಲ್ಲಿ ಎರಡು ಸ್ವೆಟರ್ ಹಾಕಿಕೊಂಡು, ಈ ಅಂಗಡಿಯಲ್ಲಿ ಬಟ್ಟೆ ಹೊಲಿಯುವವರಿಗೇ ಬಟ್ಟೆ ಸಾಲದು ಎಂದು ಗೊಣಗುತ್ತಿದ್ದಳು.

ಶಾಲೆಗಳು ಶುರುವಾಗುವ ಮುಂಚಿನ ವಾರಗಳಲ್ಲಿ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಟೇಪಕ್ಕ ಪರದೆಯ ಹಿಂದೆ ಮಂಡಿಯೂರಿ, ಒಬ್ಬ ಟೀಚರಮ್ಮನ ಲಂಗದ ಅಂಚಿಗೆ ಗುಂಡುಸೂಜಿ ಚುಚ್ಚುತ್ತಿದ್ದಳು. ತುಟಿಗಳ ನಡುವೆ ಸಾಲಾಗಿ ಸೂಜಿಗಳು. ಎದೆ ಇದ್ದಕ್ಕಿದ್ದಂತೆ ಡವಡವ ಎನ್ನತೊಡಗಿತು. ಯಾಕೆಂದು ಯೋಚಿಸುವಷ್ಟರಲ್ಲಿ ಕೈಕಾಲು ತಣ್ಣಗಾದವು, ಬೆರಳುಗಳಲ್ಲಿ ಜುಮ್ಮೆನ್ನಿಸಿತು, ಪರದೆ ಮೈಮೇಲೆ ಬೀಳುತ್ತಿರುವಂತೆ ಅನಿಸಿತು. ಗಾಳಿ ಎಳೆದುಕೊಂಡಷ್ಟೂ ಸಾಲದು. ಸತ್ತೇ ಹೋಗುತ್ತೇನೆ ಎಂದುಕೊಂಡಳು. ಅದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಸೂಜಿಗಳನ್ನು ಉಗಿದು, ಕೊರಳಿನ ಟೇಪು ಕಿತ್ತೆಸೆದು, ಮಕ್ಕಳನ್ನೂ ತಾಯಂದಿರನ್ನೂ ತಳ್ಳಿಕೊಂಡು ಹೊರಗೆ ಬಂದು ಆ ಮೆಟ್ಟಿಲ ಮೇಲೆ ಕುಸಿದಳು.

ಅಣ್ಣ ಯಂತ್ರ ಬಿಟ್ಟು ಎದ್ದು ಬಂದ. ಗಾಬರಿ ಬೀಳಲಿಲ್ಲ, ಏನಾಯಿತು ಎಂದು ಕೇಳಲಿಲ್ಲ. ಅವಳನ್ನು ಬೀದಿಯ ಕಡೆ ತಿರುಗಿಸಿ ಕೂರಿಸಿದ, ತನ್ನ ಒದ್ದೆ ಕರ್ಚೀಫನ್ನು ಅವಳ ಕತ್ತಿನ ಹಿಂಭಾಗಕ್ಕೆ ಒತ್ತಿದ, ಬೆನ್ನಿನ ನಡುವೆ ಅಂಗೈ ಇಟ್ಟು ಸುಮ್ಮನೆ ಪಕ್ಕದಲ್ಲಿ ಕುಳಿತ. ಸ್ವಲ್ಪ ಹೊತ್ತಿಗೆ ಅದು ಇಳಿಯಿತು. ಅಣ್ಣನ ಧೈರ್ಯಕ್ಕೆ ಟೇಪಕ್ಕ ಮನಸ್ಸಿನಲ್ಲಿಯೇ ಕೈಮುಗಿದಳು.

ಡಾಕ್ಟರು ಎದೆಗೆ ತಂತಿಗಳನ್ನು ಅಂಟಿಸಿ ನೋಡಿ, ಹೃದಯ ಕಲ್ಲಿನ ಹಾಗೆ ಗಟ್ಟಿಯಾಗಿದೆ, ನಿಮಗೆ ಏನೂ ಇಲ್ಲ ಎಂದರು. ಏನೂ ಇಲ್ಲದೆ ಮನುಷ್ಯರಿಗೆ ಸಾಯುವ ಹಾಗಾಗುವುದು ಹೇಗೆ? ಏನೂ ಇಲ್ಲ ಎನ್ನುವ ಮಾತು ಸಮಾಧಾನವಾಗುವ ಬದಲು ಅವಮಾನದಂತೆ ತಾಗಿತು. ಮನೆಗೆ ನಡೆದು ಬರುವಾಗ ಅಣ್ಣ ಮನೆಯ ತಿರುವಿನಲ್ಲಿ ನಿಂತು, ಅವಳ ಮುಖ ನೋಡದೆ ಹೇಳಿದ: "ಇದರ ಬಗ್ಗೆ ಯಾರ ಹತ್ರನೂ ಉಸಿರು ಬಿಡಬೇಡ. ಕತ್ತರಿ ಹಿಡಿಯೋ ಕೈ ನಡುಗುತ್ತೆ ಅಂತ ಗೊತ್ತಾದ್ರೆ ಯಾರೂ ಬಟ್ಟೆ ಕೊಡಲ್ಲ."

ಟೇಪಕ್ಕ ಉಸಿರು ಬಿಡಲಿಲ್ಲ. ಅತ್ತಿಗೆಗೂ ಹೇಳಲಿಲ್ಲ. ಅದು ಮಾತ್ರ ಮತ್ತೆ ಬಂತು, ಮತ್ತೆ ಮತ್ತೆ ಬಂತು. ಬಂದಾಗಿನ ಭಯ ಒಂದು ಕಡೆ, ಯಾವಾಗ ಬರುತ್ತದೋ ಎನ್ನುವ ಭಯ ಇನ್ನೊಂದು ಕಡೆ; ಎರಡನೆಯದೇ ಹೆಚ್ಚು ಹಿಂಡಿತು. ಪರದೆಯ ಹಿಂದೆ ಹೋಗುವುದನ್ನು ಬಿಟ್ಟಳು. ಬಸ್ಸು ಹತ್ತುವುದನ್ನು ಬಿಟ್ಟಳು. ಟೇಪನ್ನು ಕೊರಳಿಗೆ ಹಾಕಿದರೆ ಯಾರೋ ಕತ್ತು ಹಿಡಿದ ಹಾಗಾಗುತ್ತಿತ್ತು, ಅದಕ್ಕೆ ಮಣಿಕಟ್ಟಿಗೆ ಸುತ್ತಿಕೊಳ್ಳತೊಡಗಿದಳು. ಇವುಗಳ ಜೊತೆಗೆ ತನಗೇ ಗೊತ್ತಿಲ್ಲದೆ ಇನ್ನೊಂದನ್ನೂ ಬಿಟ್ಟಿದ್ದಳು. ಉಸಿರು ಎನ್ನುವ ಪದ ಬಾಯಿಗೆ ಬಂದರೆ ಸಾಕು, ಗಮನವೆಲ್ಲ ತನ್ನ ಉಸಿರಿನ ಮೇಲೆ ಹೋಗಿ ಅದು ತಪ್ಪುತ್ತಿತ್ತು. ಹಾಗಾಗಿ ಆ ಪದವೇ ಅವಳ ನಾಲಿಗೆಯಿಂದ ಮಾಯವಾಯಿತು.

ಆ ವರ್ಷ ನರ್ಸಿಂಗ್ ಶಾಲೆಯ ಹುಡುಗಿಯರ ಸಮವಸ್ತ್ರದ ಕೆಲಸ ಅವರಿಗೇ ಸಿಕ್ಕಿತ್ತು. ಹುಡುಗಿಯರು ಗುಂಪಾಗಿ ಬಂದು ಕಿಲಕಿಲ ನಗುತ್ತಾ ಅಳತೆ ಕೊಟ್ಟು ಹೋದರು. ಆ ವಯಸ್ಸಿನಲ್ಲಿ ಗೆಳತಿಯರ ಎದುರು ಹೊಟ್ಟೆ ಎಳೆದುಕೊಳ್ಳದೆ ನಿಲ್ಲುವವಳು ಎಲ್ಲಿದ್ದಾಳೆ? ಟೇಪಕ್ಕ ಕಂಡದ್ದನ್ನು ಕಂಡಂತೆ ಅಳೆದಳು, ಅಳೆದ ಹಾಗೆ ಕತ್ತರಿಸಿದಳು. ಹೊಲಿದು ಕೊಟ್ಟ ವಾರದಲ್ಲೇ ಬಟ್ಟೆಗಳೆಲ್ಲ ಗಂಟು ಕಟ್ಟಿಕೊಂಡು ವಾಪಸು ಬಂದವು. ಒಂದೂ ಬಿಡದೆ ಎಲ್ಲವೂ ಸೊಂಟದಲ್ಲಿ ಬಿಗಿ.

ಅಣ್ಣ ಗಂಟು ಬಿಚ್ಚಿ ಒಂದೊಂದನ್ನೇ ಮೇಜಿನ ಮೇಲೆ ಹರಡಿದ. ಅವನ ಅಂಗಡಿಗೆ ಹೀಗೆ ಬಟ್ಟೆ ಹಿಂದೆ ಬಂದದ್ದು ಅದೇ ಮೊದಲು. ಸಂಜೆ ಬಾಗಿಲು ಹಾಕುವಾಗ, ಬಹಳ ಮೆತ್ತಗೆ ಹೇಳಿದ: "ನಾಳೆಯಿಂದ ನೀನು ಮನೇಲೇ ಕೂತ್ಕೊಂಡು ಕಾಜಾ ಹೊಲಿ. ಅಳತೆ, ಕತ್ತರಿ ನಾನು ನೋಡ್ಕೋತೀನಿ." ಬೈದಿದ್ದರೆ ಬೈಗುಳಕ್ಕೆ ಬೈಗುಳ ಕೊಡುತ್ತಿದ್ದಳು, ಅದರಲ್ಲಿ ಅವಳದು ಎತ್ತಿದ ಕೈ. ಮೆತ್ತಗೆ ಹೇಳಿದ್ದಕ್ಕೆ ಮಣಿಕಟ್ಟಿನ ಟೇಪು ಬಿಚ್ಚಿ ಮೇಜಿನ ಮೇಲಿಟ್ಟಳು. ಮೇಜಿನ ಮುಂದೆ ನಿಲ್ಲದ ಟೇಪಕ್ಕ ಯಾವ ಟೇಪಕ್ಕ? ಅಪ್ಪ ಹೋದ ಮೇಲೆ ಅವಳಿಗೆ ನಿಲ್ಲಲು ಸಿಕ್ಕಿದ್ದ ಜಾಗ ಅದೊಂದೇ.

ಮರುದಿನ ಬೆಳಿಗ್ಗೆ ತನ್ನ ಕತ್ತರಿ, ಸೀಮೆಸುಣ್ಣ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೋಪಿ ಎತ್ತಿಕೊಂಡು ಹೋಗಲು ಅಂಗಡಿಗೆ ಬಂದಳು. ಅದೇ ಹೊತ್ತಿಗೆ ನರ್ಸಿಂಗ್ ಶಾಲೆಯ ಹೆಡ್ ನರ್ಸ್ ಬಂದರು. ದಪ್ಪ ಕನ್ನಡಕ, ಗಟ್ಟಿ ದನಿ, ಮುಚ್ಚುಮರೆ ಗೊತ್ತಿಲ್ಲದ ಹೆಂಗಸು. ಒಂದೆರಡು ಬಿಗಿಯಾದರೆ ಹುಡುಗಿಯರೇ ದಪ್ಪಗಾಗಿದ್ದಾರೆ ಎನ್ನಬಹುದು, ಎಲ್ಲವೂ ಬಿಗಿಯೆಂದರೆ ಹೇಗೆ ಮಾಸ್ಟರ್ ಎಂದು ಕೇಳಿದರು. ಅಣ್ಣ ಗಂಟಲು ಸರಿಮಾಡಿಕೊಂಡು, ಬಟ್ಟೆ ಕುಗ್ಗಿದೆ ಎನ್ನಲು ಹೊರಟ. ಜಗತ್ತಿನ ದರ್ಜಿಗಳೆಲ್ಲರಿಗೂ ಕೊನೆಯ ಆಸರೆ ಆ ಮಾತು. ಪಾಪದ ಬಟ್ಟೆ ಎದುರು ಮಾತಾಡುವುದಿಲ್ಲ.

"ಬಟ್ಟೆ ಕುಗ್ಗಿಲ್ಲ ಸಿಸ್ಟರ್," ಎಂದಳು ಟೇಪಕ್ಕ. "ಅಳತೆ ತಗೊಳ್ಳುವಾಗ ಉಸಿರು ಬಿಡಿ ಅಂತ ನಾನು ಹೇಳಲಿಲ್ಲ. ನನಗೇ ಉಸಿರು ಬಿಡಕ್ಕೆ ಆಗ್ತಿಲ್ಲ."

ಆಮೇಲೆ ತಡೆಯಲು ಆಗಲಿಲ್ಲ. ಪರದೆ, ಸೂಜಿ, ಡಾಕ್ಟರು, ಏನೂ ಇಲ್ಲ ಎಂಬ ಮಾತು, ಬಸ್ಸು, ಬೆಳಿಗ್ಗೆ ಏಳುವಾಗಲೇ ಹೊಟ್ಟೆಯಲ್ಲಿ ಏಳುವ ಭಯ, ಎಲ್ಲವನ್ನೂ ನಿಂತಲ್ಲೇ ಹೇಳಿದಳು. ಹೇಳುತ್ತಾ ಅಣ್ಣನ ಕಡೆ ನೋಡಿದಳು. ಅವನು ಬೆನ್ನು ತಿರುಗಿಸಿ ಬಾಗಿಲಲ್ಲಿ ನಿಂತಿದ್ದ. ಮಾತು ಮುಗಿಯುವ ಮೊದಲೇ ಟೀಗೆ ಹೋಗಿ ಬರುತ್ತೇನೆ ಎಂದು ಕಾಲು ಕಿತ್ತ. ಅಣ್ಣನಿಗೆ ಕೊಟ್ಟ ಮಾತು ಮುರಿದೆ, ಅವನು ಇನ್ನು ನನ್ನನ್ನು ಕ್ಷಮಿಸುವುದಿಲ್ಲ ಎಂದು ಅವಳಿಗೆ ಅನಿಸಿತು.

ಹೆಡ್ ನರ್ಸ್ ಮಾತ್ರ ಅಣ್ಣನ ಕುರ್ಚಿ ಎಳೆದುಕೊಂಡು ಕುಳಿತರು. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ, ಡಾಕ್ಟರು ಏನೂ ಇಲ್ಲ ಎಂದದ್ದು ಹೃದಯಕ್ಕೆ, ನಿಮಗಲ್ಲ ಎಂದರು. ಇದರಿಂದ ಯಾರೂ ಸಾಯುವುದಿಲ್ಲ, ಏರುತ್ತದೆ, ತುದಿ ಮುಟ್ಟುತ್ತದೆ, ತಾನೇ ಇಳಿಯುತ್ತದೆ. ಓಡಿಹೋಗಬೇಡಿ, ಕುಳಿತು ಇಳಿಯುವವರೆಗೆ ಇರಿ ಎಂದರು. ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರೊಬ್ಬರಿದ್ದಾರೆ, ಒಳ್ಳೆಯವರು, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೂ ಹೇಳಿದರು. "ಗಾಬರಿ ಆದಾಗ ಜನ ಗಾಳಿ ಎಳ್ಕೊಳ್ಳಕ್ಕೆ ಒದ್ದಾಡ್ತಾರೆ. ಎಳ್ಕೊಳ್ಳೋದಲ್ಲ, ನಿಧಾನಕ್ಕೆ ಬಿಡೋದು ಮುಖ್ಯ."

ಟೇಪಕ್ಕನಿಗೆ ಅಳುವಿನ ನಡುವೆ ನಗು ಬಂತು. ಇಷ್ಟು ವರ್ಷ ಊರಿಗೆಲ್ಲ ಹೇಳಿದ್ದು ಅವಳು ಅದನ್ನೇ ಅಲ್ಲವೇ?

ಸಮವಸ್ತ್ರಗಳ ಒಳಹೊಲಿಗೆಯಲ್ಲಿ ಅಣ್ಣ ಯಾವಾಗಲೂ ಉದಾರವಾಗಿ ಹೆಚ್ಚುವರಿ ಬಟ್ಟೆ ಬಿಡಿಸುತ್ತಿದ್ದ, ಅದು ಕಾಪಾಡಿತು. ಟೇಪಕ್ಕ ಕುಳಿತು ಎಲ್ಲವನ್ನೂ ಬಿಚ್ಚಿ, ಹುಡುಗಿಯರನ್ನು ಮತ್ತೆ ಕರೆಸಿ, ಉಸಿರು ಬಿಡಿಸಿ ಅಳೆದಳು. ಮನೆಯಲ್ಲೇ ಕೂರು ಎಂದು ಅಣ್ಣ ಮತ್ತೆ ಹೇಳಲಿಲ್ಲ. ಆದರೆ ಆ ದಿನದ ಬಗ್ಗೆ ಅವನು ತುಟಿ ಪಿಟಕ್ಕೆನ್ನಲೂ ಇಲ್ಲ. ಮನಸ್ಸಿನ ಡಾಕ್ಟರ ಹತ್ತಿರ ಅವಳು ಹೋಗುವ ದಿನಗಳಲ್ಲಿ ಆಸ್ಪತ್ರೆಯ ಗೇಟಿನವರೆಗೆ ಬಂದು, ಒಳಗೆ ಬಾರದೆ ಹೊರಗೇ ಕಾಯುತ್ತಿದ್ದ. ಅವನಿಗೆ ನಾಚಿಕೆಯಾಗುತ್ತಿದೆ ಎಂದುಕೊಂಡು ಅವಳು ನೊಂದುಕೊಳ್ಳುತ್ತಿದ್ದಳು.

ಅದು ಪೂರ್ತಿ ಹೋಗಲಿಲ್ಲ. ಬರುವುದು ಕಡಿಮೆಯಾಯಿತು, ಬಂದರೆ ಹೇಗಿರಬೇಕೆಂದು ಅವಳಿಗೆ ಗೊತ್ತಾಯಿತು. ಮೆಟ್ಟಿಲ ಮೇಲೆ ಕುಳಿತು ಟೇಪಿನ ಒಂದು ತುದಿ ಹಿಡಿದು, ಬೆರಳುಗಳ ನಡುವೆ ಅದನ್ನು ನಿಧಾನವಾಗಿ ಜಾರಿಸುತ್ತಾ, ಅದು ಜಾರುವಷ್ಟು ಹೊತ್ತೂ ಉಸಿರು ಬಿಡುವಳು. ಟೇಪು ಮುಗಿದರೆ ಮತ್ತೆ ಮೊದಲಿನಿಂದ. ಗಿರಾಕಿಗಳು ಬಂದರೆ, ಸ್ವಲ್ಪ ಕೂತ್ಕೊಳ್ಳಿ, ನನಗೆ ಗಾಬರಿ ಬಂದಿದೆ, ಹೋದ ಮೇಲೆ ಅಳತೆ ತಗೋತೀನಿ ಎನ್ನುತ್ತಿದ್ದಳು. ಜನ ಕೂರುತ್ತಿದ್ದರು. ಅಣ್ಣ ಹೆದರಿದ ಹಾಗೆ ಒಬ್ಬಳು ಮಾತ್ರ ಬಟ್ಟೆ ವಾಪಸು ತೆಗೆದುಕೊಂಡು ಹೋಗಿ ಬೇರೆಡೆ ಹೊಲಿಸಿದಳು. ಅಲ್ಲಿಯ ಕಾಲರ್ ನೋಡಿಕೊಂಡು, ಮುಂದಿನ ಸಲ ತೆಪ್ಪಗೆ ಇಲ್ಲಿಗೇ ಬಂದಳು. ಪರದೆಯ ಹಿಂದೆ ದನಿ ತಗ್ಗಿಸಿ, ನನಗೂ ಹಾಗೇ ಆಗುತ್ತದೆ ಎಂದು ಹೇಳಿದವರಿಗಂತೂ ಲೆಕ್ಕವಿಲ್ಲ.

ಎಂಥ ಕಾಲ ಅದು. ಬೆಳಗಿನ ಬಿಸಿಲು ಹೊಸ್ತಿಲು ದಾಟಿ ಅಣ್ಣನ ಯಂತ್ರದ ಚಕ್ರದ ಮೇಲೆ ಬೀಳುತ್ತಿತ್ತು, ಅವನು ಹೊಲಿಯುತ್ತಾ ಯಾವುದೋ ಹಾಡನ್ನು ತಪ್ಪುತಪ್ಪಾಗಿ ಗುನುಗುತ್ತಿದ್ದ, ಅವಳು ಮೇಜಿನಿಂದ ತಿದ್ದುತ್ತಿದ್ದಳು. ಸುಖ ಎಂದರೆ ಅದೇ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಸಿದ್ಧ ಉಡುಪಿನ ಅಂಗಡಿಗಳು ಬಂದವು, ಹೊಲಿಸುವವರು ಕಡಿಮೆಯಾದರು. ಕಟ್ಟಡದ ಯಜಮಾನರು ಕಟ್ಟಡ ಮಾರಿದರು. ಅಂಗಡಿ ಬಿಡಬೇಕಾದ ತಿಂಗಳಲ್ಲೇ ಅಣ್ಣನ ಮಗಳ ಮದುವೆ ಗೊತ್ತಾಯಿತು. ಊರಿಗೆಲ್ಲ ಕೋಟು ಹೊಲಿದ ಮಾಸ್ಟರ್ ತನಗೆ ಒಂದೂ ಹೊಲಿದುಕೊಂಡಿರಲಿಲ್ಲ. ಸೆಕೆ, ಬಿಗಿ, ಯಾರಿಗೆ ಬೇಕು ಎಂದು ತಳ್ಳಿಹಾಕುತ್ತಲೇ ಬಂದಿದ್ದ. ಈ ಸಲ ಮಗಳು ಹಟ ಹಿಡಿದಳು. ತನ್ನ ಬೆನ್ನನ್ನು ತಾನೇ ಅಳೆಯಲು ಆಗುವುದಿಲ್ಲವಲ್ಲ, ಟೇಪಕ್ಕ ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿದಳು. ಅಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿಯೂ ಅಣ್ಣನ ಅಳತೆಯನ್ನು ಅವಳು ತೆಗೆದುಕೊಳ್ಳುತ್ತಿದ್ದುದು ಅದೇ ಮೊದಲು.

ಎದೆಯ ಸುತ್ತ ಟೇಪು ತಂದು ಸೇರಿಸಿದಳು. ಬೆರಳಿನ ಕೆಳಗೆ ಟೇಪು ಅದುರುತ್ತಿತ್ತು. ಅಣ್ಣನ ಎದೆ ಹುಚ್ಚುಹುಚ್ಚಾಗಿ ಹೊಡೆದುಕೊಳ್ಳುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಹಣೆಯ ಮೇಲೆ ಬೆವರು, ಕಣ್ಣು ಬಾಗಿಲ ಕಡೆ. ಆ ಕಣ್ಣನ್ನು ಅವಳು ಬಲ್ಲಳು. ಎಷ್ಟೋ ಸಲ ಅದೇ ಕನ್ನಡಿಯಲ್ಲಿ ತನ್ನ ಮುಖದಲ್ಲಿ ನೋಡಿದ್ದಳು. ಹೊಸ್ತಿಲ ಮೇಲಿನ ಕುರ್ಚಿ, ಹಾಕದ ಬಾಗಿಲು, ಸಾಲಿನ ತುದಿಯ ಸೀಟು, ಒದ್ದೆ ಕರ್ಚೀಫು, ಆಸ್ಪತ್ರೆಯ ಗೇಟು ಎಲ್ಲವೂ ಒಮ್ಮೆಗೇ ಅರ್ಥವಾದವು.

"ಅಣ್ಣಾ, ಯಾವಾಗಿಂದ?"

ಅವನು ಉಸಿರು ಬಿಗಿಹಿಡಿದು ನಿಂತೇ ಇದ್ದ. ಟೇಪಕ್ಕನಿಗೆ ಮೊದಲು ಬಂದದ್ದು ಕೋಪ, ಮೈಯೆಲ್ಲ ಉರಿಯುವಷ್ಟು ಕೋಪ. ತಾನು ಸಾಯುತ್ತಿದ್ದೇನೆ ಎಂದು ಕುಸಿದ ದಿನ, ಇವನಿಗೆ ಎಲ್ಲ ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ. ಟೇಪು ಎಸೆದು ಹೋಗಿಬಿಡೋಣ ಎನಿಸಿತು. ಆದರೆ ಟೇಪಿನ ಕೆಳಗೆ ಆ ಎದೆ ಹೊಡೆದುಕೊಳ್ಳುತ್ತಲೇ ಇತ್ತು.

"ಉಸಿರು ಬಿಡು ಅಣ್ಣಾ," ಎಂದಳು.

ಅಣ್ಣ ಬಿಟ್ಟ. ಎಷ್ಟೋ ಹೊತ್ತು ಬಿಟ್ಟ. ಮತ್ತೆ ಎಳೆದು ಮತ್ತೆ ಬಿಟ್ಟ. ಅವಳು ಟೇಪು ಹಿಡಿದೇ ನಿಂತಿದ್ದಳು, ಅದುರುವುದು ನಿಲ್ಲುವವರೆಗೆ. ಆಮೇಲೆ ಅವನು ಕನ್ನಡಿಯನ್ನು ನೋಡುತ್ತಾ ಹೇಳಿದ: "ಅಪ್ಪ ಹೋದ ವರ್ಷದಿಂದ. ನಿನಗೆ ಅವತ್ತು ಬಂತಲ್ಲ, ನನ್ನಿಂದಾನೇ ಅಂಟಿತು ಅಂದ್ಕೊಂಡೆ. ಎದುರಿಗೆ ಕೂತು ಕೂತು ತಂಗಿಗೂ ಅಂಟಿಸಿಬಿಟ್ಟೆ ಅಂತ. ಅದಕ್ಕೇ ಮನೇಲಿ ಕೂರು ಅಂದಿದ್ದು. ದೂರ ಇದ್ರೆ ಹೋಗುತ್ತೇನೋ ಅಂತ."

ಕೋಪ ಎಲ್ಲಿ ಹೋಯಿತೋ ಟೇಪಕ್ಕನಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಈ ಒಂದು ಪೆದ್ದು ಯೋಚನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಣ್ಣ ಒಬ್ಬನೇ ಬೆಂದಿದ್ದನಲ್ಲ ಎಂದು ದುಃಖವಾಯಿತು. ಅಂಟುವುದಕ್ಕೆ ಅದೇನು ನೆಗಡಿಯಾ ಎಂದು ಬೈದು, ಕಣ್ಣೊರೆಸಿಕೊಂಡು, ಮತ್ತೊಮ್ಮೆ ಅಳತೆ ತೆಗೆದುಕೊಂಡಳು. ಈಗ ಸರಿಯಾದ ಅಳತೆ ಬಂತು.

ಕೋಟಿನ ಬಟ್ಟೆ ಮಡಚುತ್ತಿದ್ದಾಗ ಅಣ್ಣ, "ನಿನ್ನ ಅತ್ತಿಗೆ ಹತ್ರ ಮಾತ್ರ ಉಸಿರು..." ಎಂದು ಶುರುಮಾಡಿ, ತನ್ನ ಮಾತು ತನ್ನ ಕಿವಿಗೇ ಬಿದ್ದು ನಿಲ್ಲಿಸಿದ. ಇಬ್ಬರೂ ನಕ್ಕರು. ಅಂದು ಸಂಜೆ ತಂಗಿಯನ್ನು ಜೊತೆಗೆ ಕರೆದುಕೊಂಡು ಮನೆಗೆ ಹೋಗಿ, ತಾನೇ ಹೆಂಡತಿಗೆ ಹೇಳಿದ. ಅತ್ತಿಗೆ ಒಗೆದ ಬಟ್ಟೆ ಮಡಚುತ್ತಿದ್ದಳು. ಕೇಳಿಯೂ ಕೈ ನಿಲ್ಲಿಸಲಿಲ್ಲ.

"ದಿನಾ ಊಟದ ಡಬ್ಬಿ ಜೊತೆ ಕರ್ಚೀಫು ಒದ್ದೆ ಮಾಡಿ ಯಾರು ಇಡ್ತಿದ್ರು?" ಎಂದಳು. "ಗಾಳಿ ಹುಚ್ಚು ಅಂತ ಊರಿಗೆಲ್ಲ ಹಬ್ಬಿಸಿದ್ದೂ ನಾನೇ. ಹುಚ್ಚು ಅಂದ್ರೆ ಜನ ನಕ್ಕು ಸುಮ್ಮನಾಗ್ತಾರೆ, ಯಾಕೆ ಅಂತ ಕೇಳಲ್ಲ. ನೀವಾಗೇ ಹೇಳಲಿ ಅಂತ ಕಾಯ್ತಿದ್ದೆ."

ಅಂಗಡಿಯಲ್ಲಿ ಹೊಲಿದ ಕೊನೆಯ ಬಟ್ಟೆ ಆ ಕೋಟು. ಮದುವೆಯ ದಿನ ಅಣ್ಣ ಅದನ್ನು ಹಾಕಿಕೊಂಡು ಬಾಗಿಲ ಪಕ್ಕ ಕುಳಿತಿದ್ದ. ಮನೆಮಂದಿಯೆಲ್ಲ ಫೋಟೋಕ್ಕೆ ಒತ್ತೊತ್ತಾಗಿ ನಿಂತಾಗ ನಟ್ಟನಡುವೆ ಸಿಕ್ಕಿಕೊಂಡು ಅವನ ಮುಖ ಬಿಳಿಚಿತು. ಟೇಪಕ್ಕ ಅವನ ಕೈಗೆ ಟೇಪಿನ ತುದಿ ಕೊಟ್ಟಳು. ಅಣ್ಣ ಅದನ್ನು ಹಿಡಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಫೋಟೋದವನಿಗೆ ಹೇಳಿದ: "ಸ್ವಲ್ಪ ಇರಪ್ಪ. ನನಗೆ ಗಾಬರಿ ಬಂದಿದೆ, ಇಳೀಲಿ."

ಎಲ್ಲರೂ ಕಾದರು. ಇಳಿಯಿತು.

ಅಣ್ಣ ಈಗಿಲ್ಲ. ಆ ಫೋಟೋ ಟೇಪಕ್ಕನ ಮಂಚದ ಎದುರಿನ ಗೋಡೆಯ ಮೇಲಿದೆ. ಅದರಲ್ಲಿ ಅವನ ಬಾಯಿ ಸ್ವಲ್ಪ ತೆರೆದಿದೆ. ನೋಡಿದವರೆಲ್ಲ ಮಾಸ್ಟರ್ ಏನೋ ಹೇಳುತ್ತಿದ್ದಾರೆ ಎನ್ನುತ್ತಾರೆ. ಟೇಪಕ್ಕ ಅದನ್ನು ತಿದ್ದಲು ಹೋಗುವುದಿಲ್ಲ. ಅವನು ಉಸಿರು ಬಿಡುತ್ತಿದ್ದಾನೆ.